ಕಲ್ಲಿನೆದುರು ಕೂರುವ ಬಗೆ: ಚೀನಾದ ವಿದ್ವಾಂಸರ ಶಿಲೆಗಳನ್ನು ನೋಡಲು, ಆರಿಸಲು, ಇರಿಸಿಕೊಳ್ಳಲು

ಕುಂಚ, ಕಾಗದ, ಮಸಿಗಲ್ಲುಗಳಿರುವ ಬರವಣಿಗೆಯ ಮೇಜಿನ ಮೇಲೆ, ಕೆತ್ತನೆಯ ಮರದ ಪೀಠದಲ್ಲಿ, ಮೈತುಂಬ ತೂತು ಮತ್ತು ಸುಕ್ಕುಗಳಿರುವ ಒಂದು ಕಲ್ಲನ್ನು ನಿಲ್ಲಿಸಿಕೊಂಡು ಅದನ್ನು ದಿನವೂ ನೋಡುವ ಅಭ್ಯಾಸ ಚೀನಾದ ಓದುಬರಹದವರಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ನಡೆದುಬಂದಿದೆ. ಅಲ್ಲಿ ಇಂಥ ಕಲ್ಲಿಗೆ ಗೊಂಗ್‌ಶಿ ಎಂಬ ಹೆಸರಿದೆ. ‘ಶಿ’ ಎಂದರೆ ಕಲ್ಲು; ‘ಗೊಂಗ್’ ಎಂದರೆ ಗೌರವದಿಂದ ಮುಂದಿಟ್ಟದ್ದು, ಕಾಣಿಕೆಯಾಗಿ ಇರಿಸಿದ್ದು. ಮನೆಯಲ್ಲಿ ಸಾಲಿಗ್ರಾಮವನ್ನೋ ಬಾಣಲಿಂಗವನ್ನೋ ಕಂಡು ಬೆಳೆದ ಕನ್ನಡಿಗರಿಗೆ, ಉಳಿ ಮುಟ್ಟದ ಕಲ್ಲನ್ನು ಪೀಠದ ಮೇಲಿಟ್ಟು ಗೌರವಿಸುವುದು ಹೊಸದೇನಲ್ಲ. ಆದರೆ ಗೊಂಗ್‌ಶಿಗೆ ಪೂಜೆಯಿಲ್ಲ, ಮಂತ್ರವಿಲ್ಲ. ಅದರೆದುರು ಮಾಡಬೇಕಾದ ಕೆಲಸ ನೋಡುವುದೊಂದೇ, ಮತ್ತು ಆ ನೋಟವನ್ನು ಕಲಿಯಬೇಕಾಗುತ್ತದೆ. ಕೊಳ್ಳುವ ವಿಚಾರಕ್ಕಿಂತ ನೋಡುವ ವಿಚಾರಕ್ಕೆ ಈ ಲೇಖನದಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಆ ಕಾರಣಕ್ಕೆ.

ಮೊದಲ ಹೆಜ್ಜೆ: ಒಂದು ವರ್ಷ ಏನನ್ನೂ ಕೊಳ್ಳಬೇಡಿ

ಹೊಸದಾಗಿ ಆಸಕ್ತಿ ಹುಟ್ಟಿದವರು ಮೊದಲ ತಿಂಗಳಲ್ಲಿಯೇ ಆನ್‌ಲೈನ್ ಮಾರಾಟಗಾರರಿಂದ ಒಂದೆರಡು ಕಲ್ಲುಗಳನ್ನು ತರಿಸಿಕೊಳ್ಳುತ್ತಾರೆ, ಮತ್ತು ಕಣ್ಣು ಪಳಗಿದ ಮೇಲೆ ಅವೇ ಕಲ್ಲುಗಳನ್ನು ಅಟ್ಟದ ಮೇಲಿಡುತ್ತಾರೆ. ಆ ಹಣವನ್ನು ಒಳ್ಳೆಯ ಕಲ್ಲುಗಳಿರುವಲ್ಲಿಗೆ ಹೋಗಿಬರಲು ಬಳಸುವುದು ಮೇಲು. ಚೀನಾಕ್ಕೆ ಹೋಗುವ ಅವಕಾಶವಿದ್ದರೆ ಸುಜೋ ನಗರದ ಲಿಯುಯುವಾನ್ ಉದ್ಯಾನವನ್ನು ನೋಡಲೇಬೇಕು. 1997ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸುಜೋ ಉದ್ಯಾನಗಳಲ್ಲಿ ಅದೂ ಒಂದು. ಅಲ್ಲಿರುವ ‘ಮೋಡದ ಮುಕುಟದ ಶಿಖರ’ ಎಂಬ ಹೆಸರಿನ ಸುಮಾರು 6.5 ಮೀಟರ್ ಎತ್ತರದ ಒಂಟಿ ಕಲ್ಲಿನ ಸುತ್ತ ನಿಧಾನವಾಗಿ ಎರಡು ಸುತ್ತು ನಡೆದರೆ, ಪುಸ್ತಕದ ಹತ್ತು ಅಧ್ಯಾಯಗಳು ಹೇಳಲಾರದ್ದು ತಿಳಿಯುತ್ತದೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಇನ್ನೂ ಸುಲಭ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನೊಳಗೆ 1981ರಲ್ಲಿ ಪೂರ್ಣಗೊಂಡ ಆಸ್ಟರ್ ಕೋರ್ಟ್, ವ್ಯಾಂಕೂವರಿನಲ್ಲಿ 1986ರಲ್ಲಿ ತೆರೆದ ಸುನ್ ಯಾತ್‌ಸೆನ್ ಉದ್ಯಾನ, ಪೋರ್ಟ್‌ಲ್ಯಾಂಡಿನ ಲಾನ್ ಸು ಉದ್ಯಾನ, ಈ ಮೂರರಲ್ಲಿಯೂ ಸುಜೋ ಬಳಿಯ ತೈಹು ಸರೋವರದ ಕಲ್ಲುಗಳಿವೆ.

ಹೋಗಲಾಗದವರು ದೊಡ್ಡ ಮ್ಯೂಸಿಯಂಗಳು ಪ್ರಕಟಿಸಿರುವ ಚಿತ್ರಗಳನ್ನು ನೋಡಬಹುದು. ಆದರೆ ಒಂದೇ ಕಲ್ಲನ್ನು ಹಲವು ಬದಿಗಳಿಂದ ತೋರಿಸಿರುವ ಚಿತ್ರಗಳನ್ನು ಹುಡುಕಿಕೊಳ್ಳಬೇಕು, ಏಕೆಂದರೆ ಒಂದೇ ಬದಿಯ ಚಿತ್ರದಲ್ಲಿ ಕಲ್ಲು ಚಪ್ಪಟೆಯಾದ ಆಕಾರವಾಗಿಬಿಡುತ್ತದೆ.

ಎರಡನೆಯ ಹೆಜ್ಜೆ: ನಾಲ್ಕು ಮಾತುಗಳನ್ನು ಕಣ್ಣಿಗೆ ಕಲಿಸಿ

ಸೊಂಗ್ ಅರಸುಮನೆತನದ ಕಾಲದ ಲಿಪಿಕಾರ ಮತ್ತು ಚಿತ್ರಕಾರ ಮಿ ಫು (1051–1107) ಹೇಳಿದನೆಂದು ಪರಂಪರೆ ನಂಬಿರುವ ನಾಲ್ಕು ಲಕ್ಷಣಗಳು ಇಂದಿಗೂ ಈ ವಿದ್ಯೆಯ ಮೊದಲ ಪಾಠ: ಶೌ, ಜೌ, ಲೌ, ತೌ. ಕನ್ನಡದಲ್ಲಿ ಇವುಗಳನ್ನು ಸಪೂರತನ, ಸುಕ್ಕು, ಸೋರಿಕೆ, ತೂರುನೋಟ ಎಂದು ಕರೆಯಬಹುದು.

ಸಪೂರತನವೆಂದರೆ ಕಲ್ಲು ಸಣ್ಣದಾಗಿರಬೇಕೆಂಬ ಅರ್ಥವಲ್ಲ. ಅದರ ಮೈಯಲ್ಲಿ ಬೇಡದ ಬೊಜ್ಜು ಇರಬಾರದು, ಅದು ತನ್ನ ಬಲದ ಮೇಲೆ ನೆಟ್ಟಗೆ ನಿಂತಂತೆ ಕಾಣಬೇಕು ಎಂದು ಅರ್ಥ. ಎಷ್ಟೋ ಒಳ್ಳೆಯ ಕಲ್ಲುಗಳಲ್ಲಿ ಬುಡ ಕಿರಿದಾಗಿ, ತಲೆ ಅಗಲವಾಗಿ, ಇಡೀ ಕಲ್ಲು ಮೇಲಕ್ಕೆ ಏಳುವ ಮೋಡದಂತಿರುತ್ತದೆ. ಭಾರವಾದ ವಸ್ತು ಹಗುರವಾಗಿ ಕಾಣುವ ಆ ವಿರೋಧದಲ್ಲಿಯೇ ಅದರ ಸೊಗಸಿದೆ. ಸುಕ್ಕು ಎಂದರೆ ಮೇಲ್ಮೈಯ ಮಡಿಕೆ, ಗೆರೆ, ಏರುತಗ್ಗುಗಳು. ಬೆಳಕು ಒಂದು ಪಕ್ಕದಿಂದ ಬಿದ್ದಾಗ ಇವು ನೆರಳುಗಳಾಗಿ ಎದ್ದು ಕಾಣುತ್ತವೆ. ಚೀನೀ ಭೂದೃಶ್ಯಚಿತ್ರಗಳಲ್ಲಿ ಬೆಟ್ಟದ ಮೈಯನ್ನು ಬರೆಯುವ ಕುಂಚಗೆರೆಗಳಿಗೂ ಸುಕ್ಕು ಎಂಬ ಹೆಸರೇ ಇರುವುದರಿಂದ, ಕಲ್ಲನ್ನು ನೋಡುವವನ ಕಣ್ಣಿಗೂ ಚಿತ್ರ ಬರೆಯುವವನ ಕೈಗೂ ಒಂದೇ ಶಿಕ್ಷಣ ದೊರೆಯುತ್ತಿತ್ತು.

ಸೋರಿಕೆ ಮತ್ತು ತೂರುನೋಟಗಳನ್ನು ಹೊಸಬರು ಒಂದೇ ಎಂದು ಭಾವಿಸುತ್ತಾರೆ. ಸಾಮಾನ್ಯವಾಗಿ ಹೇಳುವ ಬಗೆಯಲ್ಲಿ, ಮೇಲಿನಿಂದ ಕೆಳಕ್ಕೆ ನೀರು ದಾರಿ ಹುಡುಕಿಕೊಂಡು ಇಳಿಯುವಂತಿರುವ ಒಳಸುರಂಗಗಳು ಸೋರಿಕೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕು ಹಾಯುವ ತೆರವುಗಳು ತೂರುನೋಟ. ಶಾಂಘೈನ ಯುಯುವಾನ್ ಉದ್ಯಾನದಲ್ಲಿರುವ ಯು ಲಿಂಗ್‌ಲೊಂಗ್ ಎಂಬ ಹೆಸರಾಂತ ಕಲ್ಲಿನ ಬುಡದಲ್ಲಿ ಧೂಪ ಹಚ್ಚಿದರೆ ಎಲ್ಲ ತೂತುಗಳಿಂದಲೂ ಹೊಗೆ ಏಳುತ್ತದೆ, ನೆತ್ತಿಯ ಮೇಲೆ ನೀರು ಸುರಿದರೆ ಎಲ್ಲ ತೂತುಗಳಿಂದಲೂ ಇಳಿಯುತ್ತದೆ ಎಂಬ ಮಾತು ಈ ಎರಡು ಲಕ್ಷಣಗಳನ್ನು ಒಟ್ಟಿಗೆ ನೆನಪಿಡಲು ಸಹಾಯಕ. ತೂತುಗಳನ್ನು ಎಣಿಸುತ್ತ ಹೋಗುವುದರಿಂದ ಪ್ರಯೋಜನವಿಲ್ಲ. ಅವುಗಳ ಗಾತ್ರಗಳು ಬೇರೆಬೇರೆಯಾಗಿವೆಯೇ, ಒಂದು ಗುಹೆಯಿಂದ ಕಣ್ಣು ಇನ್ನೊಂದು ಗುಹೆಗೆ ದಾಟಿಹೋಗುತ್ತದೆಯೇ, ಕಲ್ಲಿಲ್ಲದ ಜಾಗಕ್ಕೆ ತನ್ನದೇ ಆಕಾರವಿದೆಯೇ ಎಂದು ನೋಡಬೇಕು.

ಈ ನಾಲ್ಕರ ಪಕ್ಕದಲ್ಲಿ ಐದನೆಯದೊಂದನ್ನು ಇಟ್ಟುಕೊಳ್ಳಬೇಕೆಂದು ನನ್ನ ಬಲವಾದ ಅಭಿಪ್ರಾಯ. ಮಿ ಫು ವೂವೆಯ್ ಎಂಬಲ್ಲಿ ಅಧಿಕಾರಿಯಾಗಿದ್ದಾಗ, ಅಲ್ಲಿನ ಕಚೇರಿಯ ಬಳಿಯಿದ್ದ ಭಾರಿ ಕಲ್ಲೊಂದನ್ನು ಕಂಡು, ಅಧಿಕಾರದ ಉಡುಪು ಧರಿಸಿ ಬಂದು ಅದಕ್ಕೆ ಬಾಗಿ ನಮಸ್ಕರಿಸಿ, ಅದನ್ನು ‘ಅಣ್ಣ’ ಎಂದು ಕರೆದ ಪ್ರಸಂಗ ಸೊಂಗ್ ಅರಸುಮನೆತನದ ಇತಿಹಾಸದಲ್ಲಿ ದಾಖಲಾಗಿದೆ. ಆ ಕಲ್ಲು ಚೆಲುವಾಗಿತ್ತೆಂದು ಅಲ್ಲಿ ಹೇಳಿಲ್ಲ. ವಿಚಿತ್ರವಾಗಿ ಕುರೂಪವಾಗಿತ್ತು ಎಂದಿದೆ. ಮಿ ಫುವಿನ ಹಿರಿಯ ಸಮಕಾಲೀನನಾದ ಕವಿ ಸು ಶಿ ಕೂಡ ಕಲ್ಲಿನ ಗುಣವನ್ನು ಹೇಳುವಾಗ ‘ಕುರೂಪ’ ಎಂಬ ಮಾತನ್ನೇ ಬಳಸಿದನೆಂದೂ, ಆ ಒಂದು ಮಾತಿನಿಂದ ಕಲ್ಲಿನ ಸಾವಿರ ರೂಪಗಳಿಗೆ ಬಾಗಿಲು ತೆರೆಯಿತೆಂದೂ 18ನೆಯ ಶತಮಾನದ ಚಿತ್ರಕಾರ ಜೆಂಗ್ ಶಿಯೆ ಮೆಚ್ಚಿಕೊಂಡಿದ್ದಾನೆ. ನೋಡಿದ ಕೂಡಲೇ ಮುದ್ದೆನಿಸುವ ಕಲ್ಲು ಬೇಗ ಬೇಸರ ತರಿಸುತ್ತದೆ. ಮೊದಲ ನೋಟದಲ್ಲಿ ಒರಟಾಗಿ, ಒಗ್ಗದಂತಿದ್ದೂ ಕಣ್ಣನ್ನು ಬಿಡದ ಕಲ್ಲಿನೆದುರು ಇನ್ನೊಂದಷ್ಟು ಹೊತ್ತು ನಿಲ್ಲಿ.

ಮೂರನೆಯ ಹೆಜ್ಜೆ: ಒಂದು ಕಲ್ಲು, ಹತ್ತು ಚಿತ್ರ

ಮಿಂಗ್ ಕಾಲದ ಸಂಗ್ರಾಹಕ ಮಿ ವಾನ್‌ಜೊಂಗ್ ತನ್ನಲ್ಲಿದ್ದ, ಲಿಂಗ್‌ಬಿ ಎಂಬ ಜಾತಿಯ ಒಂದು ಕಲ್ಲನ್ನು ವು ಬಿನ್ ಎಂಬ ಚಿತ್ರಕಾರನಿಂದ ಬರೆಸಿದ. 1610ರ ಆ ಸುರುಳಿಯಲ್ಲಿ ಒಂದೇ ಕಲ್ಲಿನ ಹತ್ತು ನೋಟಗಳಿವೆ. ಒಂದರಲ್ಲಿ ಅದು ಬೆಂಕಿಯ ನಾಲಗೆಗಳಂತಿದೆ. ಇನ್ನೊಂದರಲ್ಲಿ ಅದೇ ಕಲ್ಲೆಂದು ನಂಬಲಾರದಷ್ಟು ತೆಳುವಾಗಿದೆ. 2020ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಈ ಸುರುಳಿ 51 ಕೋಟಿ ಯುವಾನ್‌ಗಿಂತ ಹೆಚ್ಚಿನ ಬೆಲೆಗೆ ಹೋಯಿತು. ನಮಗೆ ಉಪಯೋಗವಾಗುವುದು ಅದರ ವಿಧಾನ.

ಯಾವುದಾದರೂ ಕಲ್ಲನ್ನು, ಅದು ಬೆಲೆಬಾಳುವುದೇ ಆಗಬೇಕಿಲ್ಲ, ಕಣ್ಣಿನ ಮಟ್ಟಕ್ಕೆ ಬರುವಂತೆ ಇಡಿ. ಹಿಂದೆ ಬಣ್ಣವಿಲ್ಲದ ಗೋಡೆಯೋ ಬಿಳಿಯ ಬಟ್ಟೆಯೋ ಇರಲಿ. ಬೆಳಕು ಒಂದೇ ಪಕ್ಕದಿಂದ ಬರಲಿ. ಪೆನ್ಸಿಲಿನಿಂದ ಅದರ ಹೊರಗೆರೆಯನ್ನಷ್ಟೇ ಬರೆದು, ಕಲ್ಲನ್ನು ಸ್ವಲ್ಪ ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ಹತ್ತು ಬಾರಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ನಾಲ್ಕನೆಯದೋ ಐದನೆಯದೋ ಚಿತ್ರದ ಹೊತ್ತಿಗೆ, ‘ಇದು ಆನೆಯ ಹಾಗಿದೆ, ಇದು ಮುದುಕನ ಹಾಗಿದೆ’ ಎಂದು ಹೋಲಿಕೆ ಹುಡುಕುವ ಚಪಲ ತಾನಾಗಿ ಅಡಗುತ್ತದೆ. ಪ್ರಾಣಿ, ಮನುಷ್ಯರನ್ನು ಹೋಲುವ ಕಲ್ಲುಗಳನ್ನು ಇಷ್ಟಪಡುವವರು ಚೀನಾದಲ್ಲಿಯೂ ಬಹಳ ಮಂದಿಯಿದ್ದಾರೆ, ಅದು ತಪ್ಪಲ್ಲ. ಆದರೆ ಹೋಲಿಕೆ ಒಮ್ಮೆ ಸಿಕ್ಕಿತೆಂದರೆ ಕಣ್ಣು ಅಲ್ಲಿಗೇ ನಿಂತುಬಿಡುತ್ತದೆ. ಬೆಟ್ಟದ ಸಾಲನ್ನೂ ಗುಹೆಯನ್ನೂ ಹರಿವನ್ನೂ ಏಕಕಾಲದಲ್ಲಿ ತೋರಿಸುತ್ತ, ಯಾವುದಾಗಿಯೂ ಸ್ಥಿರವಾಗದ ಕಲ್ಲು ವರ್ಷಗಳ ಕಾಲ ಜೊತೆ ಕೊಡುತ್ತದೆ. 843ರಲ್ಲಿ ತೈಹು ಕಲ್ಲುಗಳ ಬಗ್ಗೆ ಬರೆದ ಕವಿ ಬೈ ಜ್ಯುಯಿ ಕಂಡುಕೊಂಡದ್ದೂ ಇದನ್ನೇ. ದೊಡ್ಡ ಬೆಟ್ಟಗಳ ಎತ್ತರ ಒಂದು ಮುಷ್ಟಿಯಷ್ಟರಲ್ಲಿ, ಸಾವಿರ ಹರದಾರಿಯ ದೂರ ಒಂದು ಕಣ್ಣೆವೆಯಷ್ಟರಲ್ಲಿ, ಕುಳಿತಲ್ಲಿಯೇ ದೊರಕುತ್ತದೆ ಎಂಬುದು ಅವನ ಮಾತಿನ ಸಾರ.

ನಾಲ್ಕನೆಯ ಹೆಜ್ಜೆ: ಊರು ಮತ್ತು ಜಾತಿಯನ್ನು ತಿಳಿಯಿರಿ

ಪರಂಪರೆಯಲ್ಲಿ ನಾಲ್ಕು ಜಾತಿಯ ಕಲ್ಲುಗಳಿಗೆ ಅಗ್ರಸ್ಥಾನವಿದೆ. ಅವುಗಳಲ್ಲಿ ಮೂರು ಸುಣ್ಣಗಲ್ಲುಗಳು. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ತುಸು ಹುಳಿಯಾಗಿ, ಸುಣ್ಣಗಲ್ಲಿನ ಬಿರುಕುಗಳಲ್ಲಿ ಇಳಿದು, ಮೆತ್ತಗಿನ ಭಾಗಗಳನ್ನು ಮೊದಲು ಕರಗಿಸುತ್ತದೆ. ಗಟ್ಟಿ ಭಾಗ ಎಲುಬಿನಂತೆ ಉಳಿಯುತ್ತದೆ. ಸುಕ್ಕು, ತೂತು, ಸುರಂಗಗಳೆಲ್ಲ ಈ ನಿಧಾನದ ಕರಗುವಿಕೆಯ ಫಲ.

ಆನ್‌ಹುಯಿ ಪ್ರಾಂತದ ಲಿಂಗ್‌ಬಿ ಕಲ್ಲು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲು. ಹೆಚ್ಚಾಗಿ ಕಪ್ಪು, ಕೆಲವೊಮ್ಮೆ ಬಿಳಿಯ ನರಗಳಿರುವ, ಬಹಳ ನುಣುಪು ಕಣಗಳ ಈ ಕಲ್ಲು ಮಣ್ಣಿನೊಳಗೆ ಹುದುಗಿರುತ್ತದೆ. ತಟ್ಟಿದರೆ ಲೋಹದಂತೆ ನಾದ ಕೊಡುವುದರಿಂದ ಪ್ರಾಚೀನ ಚೀನಾದಲ್ಲಿ ತೂಗುಹಾಕಿ ಬಾರಿಸುವ ಕಲ್ಲಿನ ವಾದ್ಯಗಳಿಗೂ ಇದನ್ನು ಬಳಸುತ್ತಿದ್ದರು. 12ನೆಯ ಶತಮಾನದಲ್ಲಿ ನೂರಕ್ಕೂ ಹೆಚ್ಚು ಬಗೆಯ ಕಲ್ಲುಗಳ ವಿವರ ಬರೆದಿಟ್ಟ ಡು ವಾನ್, ಅಗೆದು ತೆಗೆದ ಲಿಂಗ್‌ಬಿ ಕಲ್ಲಿಗೆ ಅಂಟಿದ ಮಣ್ಣನ್ನು ಕಬ್ಬಿಣದ ಅಲಗಿನಿಂದ ಎರಡು ಮೂರು ಸಲ ಕೆರೆದು, ಬಿದಿರಿನ ಕುಂಚಿಗೆಯಿಂದ ಪಿಂಗಾಣಿಯ ಪುಡಿ ಹಾಕಿ ಉಜ್ಜುವ ಕ್ರಮವನ್ನು ವರ್ಣಿಸಿದ್ದಾನೆ. ನಾಲ್ಕೂ ಮುಖ ಪೂರ್ಣವಾಗಿರುವ ಕಲ್ಲು ನೂರಾರರಲ್ಲಿ ಒಂದೆರಡೂ ಸಿಗುವುದಿಲ್ಲ ಎಂಬ ಅವನ ಮಾತನ್ನು ಕೊಳ್ಳುವವರು ಎಂದೂ ಮರೆಯಬಾರದು. ಎಲ್ಲ ಬದಿಯಿಂದಲೂ ಸರ್ವಾಂಗಸುಂದರವಾದ ಕಲ್ಲು ಅಗ್ಗವಾಗಿ ಸಿಗುತ್ತಿದೆಯೆಂದರೆ ಅನುಮಾನ ಬರಬೇಕು.

ಸುಜೋ ಬಳಿಯ ತೈಹು ಸರೋವರದ ಕಲ್ಲು ಬೂದು ಅಥವಾ ಬಿಳಿಚು ಬಣ್ಣದ್ದು. ಅಲೆಗಳ ಹೊಡೆತದಿಂದ ಅದರ ಮೈಮೇಲೆ ಮೂಡುವ ಸಣ್ಣ ಕುಳಿಗಳಿಗೆ ‘ಕವಣೆಗುಂಡಿನ ಗೂಡು’ ಎಂದು ಹೆಸರು. ದೊಡ್ಡ ಉದ್ಯಾನಶಿಲೆಗಳು ಹೆಚ್ಚಾಗಿ ಈ ಜಾತಿಯವು. ಗುವಾಂಗ್‌ಡೊಂಗ್ ಪ್ರಾಂತದ ಯಿಂಗ್‌ದೆಯಿಂದ ಬರುವ ಯಿಂಗ್ ಕಲ್ಲು ಸುಕ್ಕುಗಳಿಗೆ ಹೆಸರುವಾಸಿ. ಅದರ ಅಂಚುಗಳು ಚೂಪಾಗಿ, ಬೆಟ್ಟದ ಏಣುಗಳಂತಿರುತ್ತವೆ. ಬಂಡೆಯಿಂದ ಬಿಡಿಸಿ ತೆಗೆಯುವುದರಿಂದ ಬುಡದಲ್ಲಿ ಗರಗಸದ ಗುರುತು ಇರುವುದು ಸಾಮಾನ್ಯ, ಅದನ್ನೊಂದು ದೋಷವೆಂದು ಎಣಿಸಬೇಕಿಲ್ಲ. ನಾಲ್ಕನೆಯದಾದ ಕುನ್ ಕಲ್ಲು ಜಿಯಾಂಗ್ಸು ಪ್ರಾಂತದ ಕುನ್‌ಶಾನಿನ ಒಂದೇ ಒಂದು ಚಿಕ್ಕ ಬೆಟ್ಟದ್ದು. ಬೆಣಚಿನ ಹರಳುಗಳಿಂದಾದ, ಹಿಮದಂತೆ ಬೆಳ್ಳಗಿರುವ ಇದನ್ನು ಅಗೆಯುವುದಕ್ಕೆ ಈಗ ನಿಷೇಧವಿರುವುದರಿಂದ ಹೊಸ ಸಂಗ್ರಾಹಕರು ಅದರ ಆಸೆ ಬಿಡುವುದು ಒಳಿತು.

ಐದನೆಯ ಹೆಜ್ಜೆ: ಕೊಳ್ಳುವ ಮುನ್ನ ಪರೀಕ್ಷಿಸಿ

ಮನುಷ್ಯನ ಕೈ ತಗಲಿದ ಕಲ್ಲೆಲ್ಲ ನಕಲಿ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ತೈಹು ಕಲ್ಲನ್ನು ತೆಗೆಯುವವರು ಸುತ್ತಿಗೆ, ಉಳಿಗಳೊಡನೆ ಆಳದ ನೀರಿಗಿಳಿದು ಅದನ್ನು ಬಿಡಿಸುತ್ತಿದ್ದರೆಂದೂ, ಬೇಕಾದಲ್ಲಿ ಕೆತ್ತಿ ಮತ್ತೆ ನೀರಿನಲ್ಲಿ ಮುಳುಗಿಸಿಟ್ಟು, ಅಲೆಗಳು ಗುರುತು ಅಳಿಸುವವರೆಗೆ ಕಾಯುತ್ತಿದ್ದರೆಂದೂ ಡು ವಾನ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕಾಯುವ ತಾಳ್ಮೆಯಿಲ್ಲದೆ ಇವತ್ತು ಕೊರೆದು, ಆಮ್ಲ ಸುರಿದು, ಕರಿ ಬಣ್ಣ ಬಳಿದು ನಾಳೆ ಮಾರುವ ಕಲ್ಲುಗಳ ವಿಷಯದಲ್ಲಿ ಎಚ್ಚರವಿರಬೇಕು.

ಭೂತಗನ್ನಡಿಯಿಂದ ತೂತುಗಳ ಒಳಗೋಡೆಯನ್ನು ನೋಡುವುದರಿಂದ ಪರೀಕ್ಷೆ ಆರಂಭವಾಗಲಿ. ಯಂತ್ರ ಕೊರೆದ ತೂತು ಉದ್ದಕ್ಕೂ ಒಂದೇ ಅಗಲವಾಗಿ, ಒಳಗೆ ಉಂಗುರದ ಗೆರೆಗಳಿರುತ್ತದೆ. ನೀರು ಕರಗಿಸಿದ ತೂತು ಒಳಗೆ ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ. ಬಿಳಿಯ ಹತ್ತಿಯನ್ನು ಒದ್ದೆಮಾಡಿ ಕಾಣದ ಮೂಲೆಯೊಂದರಲ್ಲಿ ಉಜ್ಜಿದಾಗ ಕಪ್ಪು ಬಂದರೆ ಬಣ್ಣವನ್ನೋ ಮೇಣವನ್ನೋ ಬಳಿದಿದ್ದಾರೆಂದು ತಿಳಿಯಬೇಕು. ಮುರಿದ ಶಿಖರವನ್ನು ಅಂಟಿಸಿರುವ ಶಂಕೆಯಿದ್ದರೆ ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಿಡಿದು ನೋಡಿ. ಹಲವು ಅಂಟುಗಳು ಹೊಳೆಯುತ್ತವೆ. ಲಿಂಗ್‌ಬಿ ಎಂದು ಹೇಳಿ ಕೊಡುತ್ತಿರುವ ಕಲ್ಲನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ನಾದದಲ್ಲಿ ಒಡಕು ಕೇಳಿಸುತ್ತದೆಯೇ ಎಂದು ಗಮನಿಸಿ.

ಅಂಟುರಾಳಕ್ಕೆ ಕಲ್ಲಿನ ಪುಡಿ ಬೆರೆಸಿ ಎರಕ ಹೊಯ್ದ ತುಂಡುಗಳೂ ಮಾರಾಟಕ್ಕಿರುತ್ತವೆ. ಇವನ್ನು ಗುರುತಿಸಲು ಸಾಂದ್ರತೆಯ ಪರೀಕ್ಷೆ ಸಾಕು. ಪೀಠದಿಂದ ಬೇರ್ಪಡಿಸಿದ ಕಲ್ಲನ್ನು ದಾರದಿಂದ ತೂಗುಹಾಕಿ ಮೊದಲು ಗಾಳಿಯಲ್ಲಿ, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಕ ಮಾಡಬೇಕು. ಗಾಳಿಯಲ್ಲಿ 2.7 ಕಿಲೋ, ನೀರಿನಲ್ಲಿ 1.7 ಕಿಲೋ ತೂಗಿದರೆ ವ್ಯತ್ಯಾಸ 1 ಕಿಲೋ; ಮೊದಲ ತೂಕವನ್ನು ಈ ವ್ಯತ್ಯಾಸದಿಂದ ಭಾಗಿಸಿದಾಗ 2.7 ಬರುತ್ತದೆ, ಅದು ಗಟ್ಟಿಯಾದ ಸುಣ್ಣಗಲ್ಲಿನ ಸಾಂದ್ರತೆ. ರಾಳದ ತುಂಡಿನಲ್ಲಿ ಈ ಸಂಖ್ಯೆ ಸ್ಪಷ್ಟವಾಗಿ ಕಡಿಮೆ ಬರುತ್ತದೆ. ಸುರಂಗಗಳಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಲೆಕ್ಕ ತಪ್ಪುವುದರಿಂದ ನೀರಿನಲ್ಲಿ ಕಲ್ಲನ್ನು ಅಲುಗಾಡಿಸಿ ಗುಳ್ಳೆಗಳನ್ನು ಹೊರಡಿಸಬೇಕು.

ಹಳೆಯ ಕಲ್ಲೆಂದು ಹೇಳುವ ಮಾತಿಗೆ ದಾಖಲೆಯಿಲ್ಲದೆ ಬೆಲೆ ಕೊಡಬೇಡಿ. ಕಲ್ಲಿನ ವಯಸ್ಸು ಕೋಟಿಗಟ್ಟಲೆ ವರ್ಷ. ಅದು ಯಾವಾಗ ಒಬ್ಬರ ಮೇಜಿಗೆ ಬಂದಿತೆಂಬುದನ್ನು ಪೀಠ, ಕೆತ್ತಿದ ಬರಹ, ಹಳೆಯ ಪಟ್ಟಿಗಳಿಂದ ಮಾತ್ರ ತಿಳಿಯಬಹುದು. ನಿಜಕ್ಕೂ ಹಳೆಯದಾಗಿದ್ದರೆ ಇನ್ನೊಂದು ತೊಡಕು: 1911ಕ್ಕಿಂತ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ಚೀನಾದಿಂದ ಹೊರಗೆ ಒಯ್ಯುವಂತಿಲ್ಲ.

ಆರನೆಯ ಹೆಜ್ಜೆ: ಚಿಕ್ಕದರಿಂದ ಆರಂಭಿಸಿ, ಕಲ್ಲಿನ ಮೂಲವನ್ನು ಕೇಳಿ

1080ರಲ್ಲಿ ಹುವಾಂಗ್‌ಜೋಗೆ ಗಡೀಪಾರಾಗಿ ಬಂದ ಸು ಶಿ ಬಡತನದಲ್ಲಿದ್ದ. ನದಿಯಲ್ಲಿ ಈಜುವ ಮಕ್ಕಳಿಗೆ ತಿನ್ನಲು ರೊಟ್ಟಿ ಕೊಟ್ಟು, ಅವರು ಹೆಕ್ಕಿ ತಂದ ಬಣ್ಣದ ಹರಳುಗಲ್ಲುಗಳನ್ನು ಪಡೆಯುತ್ತ, 298 ಕಲ್ಲುಗಳನ್ನು ಕೂಡಿಸಿದ. ಹಳೆಯದೊಂದು ತಾಮ್ರದ ಬೋಗುಣಿಯಲ್ಲಿ ಅವನ್ನಿಟ್ಟು ನೀರು ತುಂಬಿ, ಮಿತ್ರನಾದ ಸನ್ಯಾಸಿಗೆ ಕಾಣಿಕೆಯಾಗಿ ಕೊಟ್ಟು, ಅದರ ಬಗ್ಗೆ ಬರೆದ. ಅಂಗೈಯಗಲದ ಕಲ್ಲಿನಿಂದ ಆರಂಭಿಸಲು ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿಲ್ಲ. ಮೂವತ್ತು ಸೆಂಟಿಮೀಟರ್ ಒಳಗಿನ ಯಿಂಗ್ ಕಲ್ಲು ಮೊದಲ ಖರೀದಿಗೆ ಸೂಕ್ತ: ಎತ್ತಿ ತಿರುಗಿಸಬಹುದು, ಸಾಗಿಸಬಹುದು, ಸುಕ್ಕಿನ ಪಾಠವನ್ನು ಅದು ಚೆನ್ನಾಗಿ ಕಲಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಸಂಗ್ರಹವೂ ನಡೆದಿದೆ. ಸೊಂಗ್ ಸಾಮ್ರಾಟ ಹುಯಿಜೊಂಗ್ ರಾಜಧಾನಿಯಾದ ಕೈಫೆಂಗ್‌ನ ತನ್ನ ಉದ್ಯಾನಕ್ಕಾಗಿ ದಕ್ಷಿಣದಿಂದ ಭಾರಿ ಕಲ್ಲುಗಳನ್ನು ದೋಣಿಗಳಲ್ಲಿ ತರಿಸಿದಾಗ, ದಾರಿಗಡ್ಡವಾದ ಸೇತುವೆಗಳನ್ನೂ ಕೋಟೆಗೋಡೆಗಳನ್ನೂ ಒಡೆಯಲಾಯಿತು. ಆ ಸುಲಿಗೆಯಿಂದ ನೊಂದ ಜನ 1120ರಲ್ಲಿ ಫಾಂಗ್ ಲಾನ ಬಂಡಾಯಕ್ಕೆ ಸೇರಿದರು. 1127ರಲ್ಲಿ ರಾಜಧಾನಿಯೇ ಶತ್ರುವಶವಾಯಿತು. ಆ ಮುತ್ತಿಗೆಯ ಕಾಲದಲ್ಲಿ ಉದ್ಯಾನದ ಕಲ್ಲುಗಳನ್ನು ಒಡೆದು ಕವಣೆಯಂತ್ರಗಳಿಗೆ ಗುಂಡಾಗಿ ಬಳಸಿದರು. ಇಂದಿಗೂ ಒಂದು ಕಲ್ಲು ಎಲ್ಲಿಂದ, ಯಾರ ಅನುಮತಿಯಿಂದ ಬಂತೆಂದು ಕೇಳುವುದು ಸಂಗ್ರಾಹಕರ ಕರ್ತವ್ಯ. ನಮ್ಮಲ್ಲಿ ನದಿ, ಕಾಡುಗಳಿಂದ ಕಲ್ಲು ಹೆಕ್ಕಿ ಅಭ್ಯಾಸ ಮಾಡಲು ಬಯಸುವವರೂ, ಕಾಡಿನಿಂದ ತಂದ ಕಲ್ಲನ್ನು ಕರ್ನಾಟಕ ಅರಣ್ಯ ಕಾಯ್ದೆ ಅರಣ್ಯ ಉತ್ಪನ್ನವೆಂದು ಪರಿಗಣಿಸುತ್ತದೆ ಎಂಬುದನ್ನು ನೆನಪಿಡಬೇಕು.

ಏಳನೆಯ ಹೆಜ್ಜೆ: ಪೀಠ

ಪೀಠವಿಲ್ಲದ ಕಲ್ಲು ಮಲಗಿರುತ್ತದೆ. ಪೀಠ ಅದನ್ನು ಎಬ್ಬಿಸುತ್ತದೆ. ಕಲ್ಲಿನ ಬುಡದ ಅಂಕುಡೊಂಕುಗಳಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಹೊಂದುವಂತೆ ಮರದಲ್ಲಿ ಕುಳಿ ತೋಡುವುದೇ ಇದರ ಕಸುಬು. ಚೀನಾದ ಉತ್ತಮ ಪೀಠಗಳಿಗೆ ಬಳಸಿದ ಮರಗಳಲ್ಲಿ ಜಿತಾನ್ ಎಂಬುದು ಅತ್ಯಂತ ಬೆಲೆಯದು. ಅದನ್ನು ಸಾಮಾನ್ಯವಾಗಿ ನಮ್ಮ ರಕ್ತಚಂದನವೆಂದೇ ಗುರುತಿಸುತ್ತಾರೆ, ಮತ್ತು ಆ ಮರದ ತವರು ಆಂಧ್ರದ ಶೇಷಾಚಲ ಬೆಟ್ಟಗಳ ಸೀಮೆ. ರಕ್ತಚಂದನಕ್ಕೂ, 2017ರಿಂದ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳಿಗೂ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣವಿರುವುದರಿಂದ, ಗಡಿ ದಾಟುವಾಗ ಕಲ್ಲಿಗಿಂತ ಪೀಠದ ಕಾಗದಪತ್ರಗಳೇ ಮುಖ್ಯವಾಗಬಹುದು. ಕಲ್ಲನ್ನಷ್ಟೇ ತರಿಸಿ ಪೀಠವನ್ನು ಇಲ್ಲಿಯೇ ಮಾಡಿಸುವುದು ಸುಲಭದ ದಾರಿ. ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರ ಕೈಗೆ ಈ ಕೆಲಸ ಕಷ್ಟವಲ್ಲ. ಕಲ್ಲಿನ ಬುಡಕ್ಕೆ ಸೀಮೆಸುಣ್ಣದ ಪುಡಿ ಸವರಿ ಮರದ ಮೇಲೆ ಒತ್ತಿ, ಗುರುತು ಬಿದ್ದಲ್ಲಿ ಮಾತ್ರ ತೆಗೆಯುತ್ತ, ಮತ್ತೆ ಒತ್ತುತ್ತ ಹೋದರೆ ಕಲ್ಲು ತಾನಾಗಿ ಕೂರುತ್ತದೆ. ಅಂಟು ಬಳಸಬಾರದು. ಕೆತ್ತನೆ ಹೆಚ್ಚಾಗಲೂಬಾರದು, ಮೊದಲ ನೋಟ ಪೀಠದ ಮೇಲೆ ಬಿದ್ದರೆ ಪೀಠ ಸೋತಿದೆ.

ಎಂಟನೆಯ ಹೆಜ್ಜೆ: ಮನೆಯಲ್ಲಿ

ಕಲ್ಲನ್ನು ಎತ್ತುವಾಗ ಒಂದು ಕೈ ಬುಡದಲ್ಲಿ, ಇನ್ನೊಂದು ಕೈ ನಡುವಿನಲ್ಲಿರಲಿ. ಶಿಖರವನ್ನು ಹಿಡಿದು ಎಂದಿಗೂ ಎತ್ತಬಾರದು. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಹಿತ್ತಾಳೆಯ ದೀಪಗಳನ್ನು ಹುಣಸೆಹುಳಿಯಿಂದ ಬೆಳಗುವ ನಮ್ಮ ಮನೆಗಳಲ್ಲಿ ಒಂದು ಮಾತನ್ನು ಎಲ್ಲರಿಗೂ ಹೇಳಿಡಬೇಕು: ಹುಣಸೆಹಣ್ಣು, ನಿಂಬೆ, ವಿನೆಗರ್ ಯಾವುದೂ ಸುಣ್ಣಗಲ್ಲಿಗೆ ತಾಗಕೂಡದು. ಒಂದೇ ಸಲಕ್ಕೆ ಮೇಲ್ಮೈ ಕರಗಿ, ನೂರಾರು ಜನರ ಕೈ ಸೋಕಿ ಬಂದ ಹೊಳಪು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ, ಮತ್ತು ಅದು ಮರಳಿ ಬರುವುದಿಲ್ಲ. ಎಣ್ಣೆಯೂ ಬೇಡ; ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಶುದ್ಧವಾದ ಕೈಯಿಂದ ಆಗಾಗ ಸವರುವುದಕ್ಕೆ ಚೀನಾದ ಸಂಗ್ರಾಹಕರು ‘ಕಲ್ಲನ್ನು ಸಾಕುವುದು’ ಎನ್ನುತ್ತಾರೆ. ಹೊಳಪಿಗೆ ಅಷ್ಟು ಸಾಕು. ಮಳೆಗಾಲದಲ್ಲಿ ಪೀಠದಡಿ ಬೂಷ್ಟು ಬರದಂತೆಯೂ, ಹವಾನಿಯಂತ್ರಿತ ಕೋಣೆಯಲ್ಲಿ ಮರ ಸೀಳದಂತೆಯೂ ತಿಂಗಳಿಗೊಮ್ಮೆ ಕಲ್ಲನ್ನಿಳಿಸಿ ನೋಡಬೇಕು.

ಟಾಂಗ್ ಕಾಲದ ಮಂತ್ರಿ ನ್ಯು ಸೆಂಗ್ರು ತನ್ನ ಕಲ್ಲುಗಳನ್ನು ದರ್ಜೆಗಳಾಗಿ ವಿಂಗಡಿಸಿ, ಒಂದೊಂದರ ಹಿಂಬದಿಯಲ್ಲಿಯೂ ದರ್ಜೆಯನ್ನು ಕೆತ್ತಿಸಿದ್ದ. ನಾವು ಕಲ್ಲಿನ ಮೇಲೆ ಕೆತ್ತುವುದು ಬೇಡ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಕಲ್ಲಿಗೂ ಒಂದೊಂದು ಪುಟವಿಟ್ಟು, ಅದು ಬಂದ ಊರು, ಕೊಟ್ಟವರು, ಬೆಲೆ, ಎತ್ತರ, ತೂಕ, ಅಂಟಿಸಿದ್ದೋ ಕತ್ತರಿಸಿದ್ದೋ ಇದ್ದರೆ ಅದರ ವಿವರ, ಮತ್ತು ನೀವೇ ಬರೆದ ಹತ್ತು ಹೊರಗೆರೆಗಳು, ಇಷ್ಟನ್ನು ಸೇರಿಸಿಡಿ. ಹೆಸರಿಡಲು ಅವಸರ ಬೇಡ. ಆ ಪುಟದ ತಲೆಯಲ್ಲಿ ಒಂದು ಸಾಲು ಖಾಲಿ ಬಿಟ್ಟು, ಕಲ್ಲಿನೊಡನೆ ನಾಲ್ಕು ಋತುಗಳ ಬೆಳಕನ್ನು ಕಂಡ ಮೇಲೆ ಅಲ್ಲಿ ಬರೆಯಿರಿ.